ಸೊಂಟ ನೋವಿಗೆ ದಿಂಬು ಬೇಕಿರುವುದು ಮಂಡಿಗಳ ನಡುವೆ

ತಮ್ಮಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ಓದಿದೆ. ಅಡಿಕೆ ಸುಲಿದು ಸುಲಿದು ಅಮ್ಮನಿಗೆ ಸೊಂಟ ಹಿಡಿದಿದೆ, ವಯಸ್ಸು 58, ಮಗ್ಗುಲಾಗಿಯೇ ಮಲಗುತ್ತಾರೆ, ತಲೆಗೆ ಎರಡು ದಿಂಬು ಇಟ್ಟುಕೊಳ್ಳುತ್ತಾರೆ, ಬೆಳಿಗ್ಗೆ ಏಳುವಾಗ ನೋವು ಜಾಸ್ತಿ ಅಂತ ಬರೆದಿದ್ದೀರಿ. ನಡುವೆ ತಗ್ಗಿರುವ 2,400 ರೂಪಾಯಿಯ ಆರ್ಥೋಪೆಡಿಕ್ ದಿಂಬು ತರಿಸಲಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ತರಿಸಬೇಡಿ. ಆ ದಿಂಬು ಇರುವುದು ಕುತ್ತಿಗೆಗೆ. ಅಮ್ಮನಿಗೆ ನೋವಿರುವುದು ಸೊಂಟದಲ್ಲಿ.

ನನಗೂ ಇದೇ ಆಗಿತ್ತು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿರುತ್ತಿದ್ದೆ. ಸಂಕ್ರಾಂತಿ ಹೊತ್ತಿಗೆ ಹಾಸಿಗೆಯಿಂದ ಏಳುವುದೇ ಕಷ್ಟ. ಜಾಹೀರಾತು ನೋಡಿ ಒಂದು ದಪ್ಪ ದಿಂಬು ತರಿಸಿದೆ. ಸೊಂಟ ಹಾಗೇ ಇತ್ತು, ಹತ್ತು ದಿನದಲ್ಲಿ ಕುತ್ತಿಗೆಯೂ ಹಿಡಿಯಿತು. ಕೊನೆಗೆ ಫಿಸಿಯೋಥೆರಪಿ ಮಾಡುವವರ ಹತ್ತಿರ ಹೋದೆ. ಅವರು ನನ್ನನ್ನು ಎಡಮಗ್ಗುಲಿಗೆ ಮಲಗಿಸಿ, ಒಂದು ಬೆಡ್‌ಶೀಟ್ ಮಡಚಿ ಎರಡೂ ಮಂಡಿಗಳ ನಡುವೆ ಇಟ್ಟರು. ಸೊಂಟದ ಬಲಗಡೆ ಬಿಗಿದು ಎಳೆಯುತ್ತಿದ್ದದ್ದು ಅಲ್ಲೇ ಸಡಿಲವಾಯಿತು. ಆವತ್ತಿನ ಆ ಹಗುರ ಇನ್ನೂ ನೆನಪಿದೆ.

ಯಾಕೆ ಅಂದರೆ, ಮಗ್ಗುಲಾಗಿ ಮಲಗಿದಾಗ ಮೇಲಿನ ಕಾಲು ಮುಂದಕ್ಕೆ ಜಾರಿ ಹಾಸಿಗೆಗೆ ಬೀಳುತ್ತದೆ. ಕಾಲಿನ ಭಾರ ಕಡಿಮೆ ಏನಲ್ಲ. ಅದು ತನ್ನ ಜೊತೆ ಸೊಂಟವನ್ನೂ ತಿರುಚುತ್ತದೆ. ರಾತ್ರಿಯೆಲ್ಲಾ ಹೀಗೇ ತಿರುಚಿಕೊಂಡಿದ್ದರೆ ಬೆಳಿಗ್ಗೆ ನೋಯದೆ ಇರುತ್ತಾ? ನಡುವೆ ದಿಂಬಿದ್ದರೆ ಮೇಲಿನ ಕಾಲು ಸೊಂಟದ ಮಟ್ಟಕ್ಕೇ ನಿಲ್ಲುತ್ತದೆ. ಮಂಡಿಗೆ ಮಾತ್ರ ಇಟ್ಟರೆ ಸಾಲದು, ಪಾದದ ಗಂಟಿನವರೆಗೂ ಬರಬೇಕು. ಇಲ್ಲದಿದ್ದರೆ ಪಾದ ಕೆಳಗೆ ಬಿದ್ದು ಮತ್ತೆ ಎಳೆಯುತ್ತದೆ.

ಇದಕ್ಕೆ ಇವತ್ತೇ ದುಡ್ಡು ಖರ್ಚು ಮಾಡುವುದು ಬೇಡ. ಹಳೇ ಜಮಖಾನ ಸುತ್ತಿ ಹಗ್ಗ ಕಟ್ಟಿ, ಒಂದು ವಾರ ನೋಡಿ. ಇನ್ನೂ ಒಳ್ಳೆಯದು ಅಂದರೆ, ಅಟ್ಟದಲ್ಲಿ ಹಳೇ ಹತ್ತಿ ದಿಂಬು ಇರುತ್ತದಲ್ವಾ, ಗಂಟುಗಂಟಾಗಿ ಕಲ್ಲಿನ ಹಾಗೆ ಆಗಿರುವುದು? ತಲೆಗೆ ಅದು ಕೆಲಸಕ್ಕೆ ಬಾರದು, ಮಂಡಿಗೆ ಅದೇ ಸರಿ. ಮೆತ್ತನೆಯ ದಿಂಬು ಮಧ್ಯರಾತ್ರಿಗೆ ಚಪ್ಪಟೆಯಾಗುತ್ತದೆ, ಗಟ್ಟಿ ಹತ್ತಿ ಬೆಳಗಿನವರೆಗೂ ಎತ್ತರ ಬಿಡುವುದಿಲ್ಲ. ನಾನು ಇವತ್ತಿಗೂ ಇಡುವುದು ನಮ್ಮತ್ತೆ ಕಾಲದ ಅಂಥದ್ದೇ ದಿಂಬು. ಕವರ್ ಮಾತ್ರ ಹೊಸದು.

ಅಮ್ಮನ ಸೊಂಟ ಸಣ್ಣ, ಕೆಳಭಾಗ ಅಗಲ ಇದ್ದರೆ ಇನ್ನೊಂದು ಕೆಲಸ ಮಾಡಿ. ಮಗ್ಗುಲಾದಾಗ ಸೊಂಟದ ಹತ್ತಿರ ಹಾಸಿಗೆಗೂ ಮೈಗೂ ನಡುವೆ ಸಂದು ಉಳಿದು ಬೆನ್ನು ಜೋತು ಬೀಳುತ್ತದೆ. ಆ ಸಂದಿಗೆ ಒಂದು ತೆಳು ಟವೆಲ್ ಮಡಚಿ ಇಡಿ. ಸಂದು ತುಂಬುವಷ್ಟು ಸಾಕು, ಒತ್ತಬಾರದು.

ನಡುವೆ ಅಂಗಾತ ತಿರುಗಿದರೆ ಅದೇ ದಿಂಬನ್ನು ಮಂಡಿ ಕೆಳಗೆ ಎಳೆದುಕೊಳ್ಳಲಿ. ಮಂಡಿ ಸ್ವಲ್ಪ ಮಡಚಿಕೊಂಡರೆ ಸೊಂಟದ ಬಿಗಿ ಇಳಿಯುತ್ತದೆ. ಕವುಚಿ ಮಲಗುವ ಅಭ್ಯಾಸ ಇರುವವರು ಹೊಟ್ಟೆ ಕೆಳಗೆ ತೆಳ್ಳನೆಯದೊಂದು ಇಟ್ಟುಕೊಳ್ಳಿ, ತಲೆಗೆ ದಿಂಬು ಬಿಟ್ಟರೂ ನಡೆಯುತ್ತದೆ.

ಈಗ ತಲೆದಿಂಬಿಗೆ ಬರೋಣ. ಎರಡು ದಿಂಬು ಇಡುತ್ತಾರೆ ಅಂದಿರಲ್ಲ, ಅದನ್ನು ಅಳತೆ ಮಾಡದೆ ತಪ್ಪು ಅನ್ನಲಾಗದು. ಅಮ್ಮನನ್ನು ಗೋಡೆಗೆ ಪಕ್ಕವಾಗಿ ನೆಟ್ಟಗೆ ನಿಲ್ಲಿಸಿ. ಭುಜ ಗೋಡೆಗೆ ತಾಗಿರಲಿ. ಗೋಡೆಯಿಂದ ಕಿವಿಯವರೆಗೆ ಸ್ಕೇಲ್ ಇಟ್ಟು ನೋಡಿ. ನನಗೆ ಐದು ಇಂಚು ಬಂತು, ನಮ್ಮನೆಯವರಿಗೆ ಆರೂವರೆ. ಮಗ್ಗುಲಾಗಿ ಮಲಗುವವರಿಗೆ ತಲೆ ಇಟ್ಟು ಕುಗ್ಗಿದ ಮೇಲೆ ದಿಂಬು ಅಷ್ಟು ಎತ್ತರ ಉಳಿಯಬೇಕು. ಹಾಸಿಗೆ ಮೆತ್ತಗಿದ್ದು ಭುಜ ಒಳಗೆ ಇಳಿದರೆ ಒಂದಿಂಚು ಕಡಿಮೆ ಸಾಕು. ಅಂಗಾತ ಮಲಗುವವರಿಗೆ ಇದಕ್ಕಿಂತ ತಗ್ಗಿನದು ಬೇಕು. ಮಲಗಿದಾಗ ಮುಂದಿನಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಮೂಗು, ಗದ್ದ, ಎದೆಯ ನಡುಭಾಗ ಒಂದೇ ಗೆರೆಯಲ್ಲಿದ್ದರೆ ದಿಂಬು ಸರಿ ಇದೆ. ಭುಜ ದಿಂಬಿನ ಮೇಲೆ ಹತ್ತಬಾರದು, ತಲೆ ಮತ್ತು ಕುತ್ತಿಗೆ ಮಾತ್ರ.

ಇದೆಲ್ಲ ನೋಡಿದ ಮೇಲೂ ಹೊಸದು ಬೇಕೆನಿಸಿದರೆ ತುಂಬಿರುವುದು ಏನು ಅಂತ ಕೇಳಿ. ನನಗೆ ಇಷ್ಟ ಬೂರುಗದ ಹತ್ತಿ. ಹಗುರ, ಮೈಗೆ ಬಿಸಿ ಹತ್ತುವುದಿಲ್ಲ, ಚಪ್ಪಟೆಯಾದರೆ ಬಿಸಿಲಿಗೆ ಹಾಕಿ ತಟ್ಟಿದರೆ ಉಬ್ಬುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕಾಯಿ ಒಡೆದು ಹತ್ತಿ ಹಾರಿ ಹೋಗುವ ಮೊದಲೇ ಕೊಯ್ದು, ಬೀಜ ತೆಗೆದು, ಮನೆಯಲ್ಲೇ ತುಂಬುತ್ತೇವೆ. ಹೊಲಿಗೆ ಒಂದು ಕಡೆ ಬಿಚ್ಚಿ ಹಿಡಿ ಹಿಡಿಯಾಗಿ ಹಾಕಿ ಎತ್ತರ ನಮಗೆ ಬೇಕಾದಷ್ಟು ಮಾಡಿಕೊಳ್ಳಬಹುದು. ಅಂಗಡಿಯ ಹೆಚ್ಚಿನ ದಿಂಬುಗಳಿಗೆ ಈ ಅನುಕೂಲ ಇಲ್ಲ. ಮೆಮೊರಿ ಫೋಮ್ ಚಳಿಗೆ ಗಟ್ಟಿಯಾಗುತ್ತದೆ, ಡಿಸೆಂಬರ್ ರಾತ್ರಿಯಲ್ಲಿ ಮಲಗಿ ಸ್ವಲ್ಪ ಹೊತ್ತಿನ ಮೇಲೆ ಮೆತ್ತಗಾಗುತ್ತದೆ. ಲ್ಯಾಟೆಕ್ಸ್ ಚೆನ್ನಾಗಿ ಬಾಳುತ್ತದೆ, ಆದರೆ ಅದು ರಬ್ಬರ್, ಬಿಸಿಲಿಗೆ ಹಾಕಿದರೆ ಪುಡಿಪುಡಿಯಾಗುತ್ತದೆ. ಯಾವುದನ್ನೇ ತರಿಸಿದರೂ ವಾಪಸ್ ತಗೊಳ್ಳುತ್ತಾರಾ ಅಂತ ನೋಡಿಕೊಂಡೇ ತರಿಸಿ.

ನಿಮ್ಮ ಪ್ರಶ್ನೆಗೆ ಇಲ್ಲೇ ಇನ್ನೊಬ್ಬರು ನೆಲದ ಮೇಲೆ ಚಾಪೆ ಹಾಕಿ ಮಲಗಿಸಿ ಅಂದಿದ್ದಾರೆ. ನಮ್ಮ ಹಿರಿಯರೂ ಹಾಗೇ ಹೇಳುತ್ತಿದ್ದರು. ಆದರೆ ಬಹಳ ದಿನದಿಂದ ಸೊಂಟ ನೋವಿದ್ದ 313 ಜನರನ್ನು ಸ್ಪೇನಿನಲ್ಲಿ 90 ದಿನ ನೋಡಿದ್ದರು, 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ನೋವು ಜಾಸ್ತಿ ಇಳಿದಿತ್ತು. ಅಮ್ಮನ ವಯಸ್ಸಿಗೆ ನೆಲದಿಂದ ಏಳುವುದೂ ಒಂದು ಶ್ರಮವೇ.

ಏಳುವ ರೀತಿಯನ್ನೂ ಹೇಳಿಕೊಡಿ. ಅಂಗಾತದಿಂದ ನೇರ ಎದ್ದು ಕೂರಬಾರದು. ಮೊದಲು ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು.

ಹಗಲು ಅವರು ಕೂರುವ ಮಣೆಯನ್ನೂ ಒಮ್ಮೆ ನೋಡಿ. ತೀರಾ ತಗ್ಗಿದ್ದರೆ ಮಂಡಿ ಸೊಂಟಕ್ಕಿಂತ ಮೇಲೆ ಹೋಗಿ ಬೆನ್ನು ಬಾಗುತ್ತದೆ. ನಾನು ಮಣೆ ಮೇಲೆ ಗೋಣಿಚೀಲ ಮಡಚಿ ನಾಲ್ಕು ಬೆರಳು ಎತ್ತರಿಸಿದೆ, ಮೆಟ್ಟುಗತ್ತಿಯನ್ನೂ ಅಷ್ಟೇ ಎತ್ತರಿಸಿಕೊಂಡೆ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ನಡೆಯುತ್ತೇನೆ. ಕೂತು ಬಾಗುವ ಕೆಲಸ ಹಾಗೇ ನಡೆದರೆ ರಾತ್ರಿಯ ದಿಂಬು ಒಂದರಿಂದಲೇ ಆಗುವುದಿಲ್ಲ. ನೋವು ಅಂತ ದಿನವಿಡೀ ಮಲಗಿಸುವುದೂ ಬೇಡ, ನಡೆದಾಡಿದಷ್ಟೂ ಒಳ್ಳೆಯದು.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಕಾಲಿನಲ್ಲಿ ಶಕ್ತಿ ಕಡಿಮೆಯಾಗುವುದು, ತೊಡೆಗಳ ನಡುವೆ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದೆ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಿದ್ದ ಮೇಲೆ ಶುರುವಾದ ನೋವು, ಜ್ವರದ ಜೊತೆ ಬಂದ ನೋವು, ಯಾವ ಮಗ್ಗುಲಿಗೂ ಕಡಿಮೆಯಾಗದ ರಾತ್ರಿ ನೋವು ಇದ್ದರೂ ಬೇಗ ಡಾಕ್ಟರಿಗೆ ತೋರಿಸಿ. ಈ ವಯಸ್ಸಿನ ಹೆಂಗಸರಿಗೆ ಮೂಳೆ ಸವೆದಿರುವುದೂ ಉಂಟು.

ಅಮ್ಮನ ಗೋಡೆ ಅಳತೆ ಎಷ್ಟು ಬಂತು, ಹಾಸಿಗೆ ಯಾವುದು ಅಂತ ಇಲ್ಲೇ ಹಾಕಿ. ತಲೆದಿಂಬು ಎಷ್ಟು ಎತ್ತರ ಇರಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಬೂರುಗದ ಹತ್ತಿ ಸಿಗದಿದ್ದರೆ ನಮ್ಮಲ್ಲಿ ಹೋದ ವರ್ಷದ್ದು ಅರ್ಧ ಚೀಲ ಉಳಿದಿದೆ, ಕೊಡುತ್ತೇನೆ.