ಕಂಟ್ರೋಲ್ ತಟ್ಟೆಯ ಮೀನುಮರಿಗಳು

ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದೀರಿ. ಪರಿಸರ ವಿಷಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ವಿಶ್ವವಿದ್ಯಾಲಯದಲ್ಲೇ ಉಳಿಯುವ ಆಸೆ ಇದೆ. "ಡಾಕ್ಟರಲ್ಲದವರು ಜನರ ಆರೋಗ್ಯಕ್ಕೆ ನಿಜವಾಗಿ ಏನಾದರೂ ಮಾಡಲು ಆಗುತ್ತದೆಯೇ? ಮೀನು, ಇಲಿಗಳ ನಡುವೆಯೇ ಆಯುಷ್ಯ ಕಳೆದುಹೋಗುತ್ತದಾ?" ಎಂದು ಕೇಳಿದ್ದೀರಿ. ನಾನು ಈ ಕೆಲಸಕ್ಕೆ ಬಂದು 22 ವರ್ಷವಾಯಿತು. ಅದರಲ್ಲಿ ಬಹುಪಾಲು ಮೀನುಗಳ ನಡುವೆಯೇ ಕಳೆದಿದೆ, ನಿಜ. ಆದರೆ ದಂಡವಾಯಿತು ಅಂತ ಒಂದು ದಿನವೂ ಅನಿಸಿಲ್ಲ.

ನನ್ನದು ಝೀಬ್ರಾ ಮೀನು. ಅದರ ಮೊಟ್ಟೆ ಗಾಜಿನ ಹಾಗೆ ಪಾರದರ್ಶಕ, ಬೆಳೆಯುವುದೂ ತಾಯಿಯ ಹೊಟ್ಟೆಯ ಹೊರಗೆ. ಫಲಿತವಾಗಿ ಸುಮಾರು 24 ಗಂಟೆಗೆ ಹೃದಯ ಮಿಡಿಯಲು ಶುರುವಾಗುತ್ತದೆ. 48 ಗಂಟೆಗೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ರಕ್ತಕಣಗಳು ಒಂದರ ಹಿಂದೊಂದು ಬಾಲದ ಕಡೆ ಓಡಿ ವಾಪಸ್ ಬರುವುದು ಕಾಣುತ್ತದೆ. ಮೊದಲ ಸಲ ನೋಡಿದಾಗ ಎಣಿಸಬೇಕಾದ ಬಡಿತ ಎಣಿಸದೆ ಹಾಗೇ ಕೂತುಬಿಟ್ಟಿದ್ದೆ.

ಪಿಎಚ್‌ಡಿಯ ಎರಡನೇ ವರ್ಷ ಒಂದು ಬೆಳಿಗ್ಗೆ ತಟ್ಟೆ ತೆಗೆದು ನೋಡಿದರೆ ಹಲವು ಮರಿಗಳ ಹೃದಯದ ಸುತ್ತ ನೀರು ತುಂಬಿ ಊದಿಕೊಂಡಿತ್ತು. ಕೀಟನಾಶಕ ಹಾಕಿದ ತಟ್ಟೆಯಲ್ಲಾಗಿದ್ದರೆ ಖುಷಿಪಟ್ಟು ಬರೆದುಕೊಳ್ಳುತ್ತಿದ್ದೆ. ಆದರೆ ಅದು ಕಂಟ್ರೋಲ್, ಅಂದರೆ ಏನೂ ಹಾಕದೆ ಬರೀ ಶುದ್ಧ ನೀರಿನಲ್ಲಿ ಬೆಳೆಸಿದ ಗುಂಪು. ಆ ವಾರದ್ದನ್ನು ಬಿಟ್ಟು ಮುಂದಿನ ವಾರ ಹೊಸದಾಗಿ ಮಾಡೋಣ ಎಂದೆ. ನನ್ನ ಗೈಡ್ ಒಪ್ಪಲಿಲ್ಲ. "ಕಂಟ್ರೋಲ್ ಯಾಕೆ ಕೆಟ್ಟಿತು ಅಂತ ಗೊತ್ತಾಗುವವರೆಗೆ ಉಳಿದ ಯಾವ ತಟ್ಟೆಯ ಲೆಕ್ಕವನ್ನೂ ನಾನು ನಂಬಲ್ಲ, ನೀನೂ ನಂಬಬೇಡ" ಎಂದರು. ನೀರು ಬದಲಿಸಿದೆ, ಉಪ್ಪು ಬದಲಿಸಿದೆ, ತಟ್ಟೆಗಳ ಕಂಪನಿ ಬದಲಿಸಿದೆ. ನಾಲ್ಕು ತಿಂಗಳಾದ ಮೇಲೆ ಸಿಕ್ಕಿದ್ದು ನೀರಿನ ಟ್ಯಾಂಕಿನಿಂದ ಬರುವ ಪೈಪಿಗೆ ಯಾರೋ ಹೊಸದಾಗಿ ಜೋಡಿಸಿದ್ದ ಗೇಣುದ್ದದ ರಬ್ಬರ್ ಟ್ಯೂಬ್. ಅದನ್ನು ಕಿತ್ತುಹಾಕಿದ ಮೇಲೆ ಮರಿಗಳು ಸರಿಹೋದವು.

ಆ ನಾಲ್ಕು ತಿಂಗಳು ನನಗೆ ಈ ವೃತ್ತಿಯನ್ನು ಕಲಿಸಿತು. ನಮ್ಮ ಕ್ಷೇತ್ರದ ದೊಡ್ಡ ಸಂಗತಿಗಳು ಎಷ್ಟೋ ಸಲ ಕೆಟ್ಟುಹೋದ ಕಂಟ್ರೋಲಿನಿಂದಲೇ ಹೊರಬಿದ್ದಿವೆ. ಟಫ್ಟ್ಸ್ ವಿಶ್ವವಿದ್ಯಾಲಯದ ಅನಾ ಸೋಟೊ ಮತ್ತು ಕಾರ್ಲೋಸ್ ಸೊನೆನ್‌ಶೈನ್ ಅವರ ಪ್ರಯೋಗದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಹಾಕದಿದ್ದರೂ ಸ್ತನ ಕ್ಯಾನ್ಸರಿನ ಕೋಶಗಳು ಬೆಳೆಯತೊಡಗಿದವು. ಹುಡುಕುತ್ತಾ ಹೋದರೆ ಪ್ಲಾಸ್ಟಿಕ್ ಟ್ಯೂಬಿನಿಂದ ನೋನೈಲ್‌ಫೀನಾಲ್ ಎಂಬ ರಾಸಾಯನಿಕ ಒಸರುತ್ತಿತ್ತು. 1991ರಲ್ಲಿ ಅದನ್ನು ಪ್ರಕಟಿಸಿದರು. 1998ರಲ್ಲಿ ತಳಿವಿಜ್ಞಾನಿ ಪೆಟ್ರೀಷಿಯಾ ಹಂಟ್ ಅವರ ಲ್ಯಾಬಿನಲ್ಲಿ ಇಲಿಗಳ ಅಂಡಾಣುಗಳಲ್ಲಿ ವರ್ಣತಂತುಗಳ ಜೋಡಣೆ ತಪ್ಪುವ ಪ್ರಮಾಣ ಶೇ. 1-2ರಿಂದ ಇದ್ದಕ್ಕಿದ್ದಂತೆ ಶೇ. 40ಕ್ಕೆ ಏರಿತು. ಯಾರೋ ಪಂಜರಗಳನ್ನು ತಪ್ಪು ಮಾರ್ಜಕದಲ್ಲಿ ತೊಳೆದಿದ್ದರು. ಪ್ಲಾಸ್ಟಿಕ್ ಸವೆದು ಬಿಸ್ಫೀನಾಲ್-ಎ ಎಂಬ ರಾಸಾಯನಿಕ ಹೊರಬರುತ್ತಿತ್ತು. ಎರಡೂ ಲ್ಯಾಬಿನವರಿಗೂ "ಈ ವಾರದ್ದು ಬಿಡೋಣ" ಎನ್ನುವ ದಾರಿ ಇತ್ತು.

ಇದರಲ್ಲಿ ನನಗೆ ಅತ್ಯಂತ ಹತ್ತಿರವಾದವರು ಜೀವವಿಜ್ಞಾನಿಯೇ ಅಲ್ಲ, ಭೂರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಯಲ್ಲಿನ ಸೀಸವನ್ನು ಅಳೆದು ಭೂಮಿಯ ವಯಸ್ಸು ಕಂಡುಹಿಡಿಯಲು ಹೊರಟವರು ಅವರು. ಅಳೆದಷ್ಟೂ ಸೀಸ ಜಾಸ್ತಿ ಬರುತ್ತಿತ್ತು. ಧೂಳಿನಲ್ಲಿ, ನೀರಿನಲ್ಲಿ, ಆಮ್ಲದಲ್ಲಿ, ಮನುಷ್ಯರ ಚರ್ಮದ ಮೇಲೆ, ಎಲ್ಲೆಲ್ಲೂ ಸೀಸ. ಅದನ್ನೆಲ್ಲ ತೊಡೆದುಹಾಕಿ 1956ರಲ್ಲಿ 455 ಕೋಟಿ ವರ್ಷ ಎಂಬ ಲೆಕ್ಕ ಕೊಟ್ಟರು. ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಇಷ್ಟು ಸೀಸ ಎಲ್ಲಿಂದ ಬಂತು ಎಂದು ಕೇಳಿದರು. 1965ರಲ್ಲಿ ಅವರು ಬರೆದದ್ದರ ತಿರುಳು ಇಷ್ಟೇ: ನಮ್ಮ ಮೈಯಲ್ಲಿ "ಮಾಮೂಲಿ" ಎಂದು ಕರೆಯುವ ಸೀಸದ ಮಟ್ಟ ಸಹಜ ಮಟ್ಟವಲ್ಲ, ಸೀಸ ಬೆರೆಸಿದ ಪೆಟ್ರೋಲಿನಂಥ ಮೂಲಗಳಿಂದ ಎಲ್ಲರೂ ಕಲುಷಿತರಾಗಿದ್ದೇವೆ.

ಈ ಮಾತಿನ ಅರ್ಥ ಒಂದು ಕ್ಷಣ ನಿಂತು ಯೋಚಿಸಿ. ಲ್ಯಾಬಿನಲ್ಲಾದರೆ ರಬ್ಬರ್ ಟ್ಯೂಬ್ ಕಿತ್ತು ಬಿಸಾಡಬಹುದು. ಊರಿಗೆ ಊರೇ ಒಂದೇ ಗಾಳಿ ಉಸಿರಾಡುವಾಗ ಶುದ್ಧ ನೀರಿನ ತಟ್ಟೆ ಎಲ್ಲಿಂದ ತರುವುದು? ಸಾರ್ವಜನಿಕ ಆರೋಗ್ಯದ ಕಷ್ಟ ಶುರುವಾಗುವುದೇ ಇಲ್ಲಿ. ಅಮೆರಿಕದ ಮಕ್ಕಳ ವೈದ್ಯ ಹರ್ಬರ್ಟ್ ನೀಡಲ್‌ಮನ್ ಇದಕ್ಕೆ ಒಂದು ದಾರಿ ಕಂಡುಕೊಂಡರು. ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಕೂಡಿಹಾಕಿ, ಹಲ್ಲಿನಲ್ಲಿ ಸೀಸ ಹೆಚ್ಚಿರುವ ಮಕ್ಕಳನ್ನು ಕಡಿಮೆ ಇರುವವರ ಜೊತೆ ಹೋಲಿಸಿದರು. ಯಾವ ಮಗುವಿಗೂ ಕಾಯಿಲೆಯ ಲಕ್ಷಣ ಇರಲಿಲ್ಲ. ಆದರೂ ಹೆಚ್ಚು ಸೀಸವಿದ್ದ ಮಕ್ಕಳ ಬುದ್ಧಿಮತ್ತೆಯ ಸರಾಸರಿ 4ರಿಂದ 5 ಅಂಕ ಕೆಳಗಿತ್ತು. ಅದು 1979. ಆಮೇಲೆ ಅವರ ಮೇಲೆ ಸಂಶೋಧನೆಯಲ್ಲಿ ಮೋಸ ಮಾಡಿದ ಆರೋಪವೂ ಬಂತು, ತನಿಖೆ ನಡೆದು ಆರೋಪಮುಕ್ತರಾದರು. ಈ ವೃತ್ತಿಗೆ ಬರುವವರು ಅದಕ್ಕೂ ತಯಾರಿರಬೇಕು. ನಿಮ್ಮ ಅಂಕಿಯಿಂದ ಯಾರಿಗೋ ನಷ್ಟವಾಗುವಾಗ ನಿಮ್ಮ ನೋಟ್‌ಬುಕ್ಕನ್ನು ಪುಟಪುಟ ತಿರುವಿ ನೋಡುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಡಾಕ್ಟರಲ್ಲದವರಿಂದ ಏನಾಗುತ್ತದೆ ಎಂಬುದು. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಜಾಗದ ಹತ್ತಿರದ ಮಕ್ಕಳ ರಕ್ತ ಪರೀಕ್ಷಿಸುವ ಒಂದು ತಂಡದಲ್ಲಿ ನಾನಿದ್ದೆ. ಆರು ವರ್ಷದ ಒಬ್ಬ ಹುಡುಗನ ರಕ್ತದಲ್ಲಿ ಡೆಸಿಲೀಟರಿಗೆ 11 ಮೈಕ್ರೋಗ್ರಾಂ ಸೀಸ ಬಂತು. ಅವನ ತಾಯಿ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇವನು ಓದಿನಲ್ಲಿ ಹಿಂದೆ ಬಿದ್ದಿರೋದು ಇದರಿಂದಲೇನಾ ಮೇಡಂ?" ಎಂದು ಕೇಳಿದರು. ನೂರಾರು ಮಕ್ಕಳ ಸರಾಸರಿ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಆ ಒಬ್ಬ ಮಗುವಿನ ಬಗ್ಗೆ ಹೌದು ಎನ್ನಲೂ ಆಗದು, ಅಲ್ಲ ಎನ್ನಲೂ ಆಗದು. ಅದನ್ನೇ ಹೇಳಿದೆ. ಇಂಥ ಹೊತ್ತಿನಲ್ಲಿ ಸಮಾಧಾನಕ್ಕೆಂದು ಒಂದು ಸುಳ್ಳು ಹೇಳುವುದು ಸುಲಭ, ಅದನ್ನು ಮಾತ್ರ ಮಾಡಬೇಡಿ.

ರಕ್ತದಿಂದ ಸೀಸ ಹೊರತೆಗೆಯುವ ಔಷಧವನ್ನು ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಮಟ್ಟ 45 ದಾಟಿದರೆ. 11 ಇರುವ ಮಗುವಿಗೆ ಡಾಕ್ಟರ್ ಬರೆದುಕೊಡಬಹುದಾದ ಮಾತ್ರೆ ಇಲ್ಲ. ಅವನಿಗಿರುವ ಚಿಕಿತ್ಸೆ ಒಂದೇ, ಸೀಸ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಿ ಆ ದಾರಿ ಮುಚ್ಚುವುದು. ಮತ್ತೆ ಅದೇ ರಬ್ಬರ್ ಟ್ಯೂಬಿನ ಹುಡುಕಾಟ! ನೀರು ನೋಡಿದೆವು, ಗೋಡೆಯ ಬಣ್ಣ ನೋಡಿದೆವು, ಅಂಗಳದ ಮಣ್ಣು ನೋಡಿದೆವು. ಸಿಕ್ಕಿದ್ದು ತಂದೆಯ ಕೆಲಸದ ಬಟ್ಟೆಯಲ್ಲಿ. ಮನೆಗೆ ಬಂದು ಅದೇ ಬಟ್ಟೆಯಲ್ಲಿ ಮಗನನ್ನು ಎತ್ತಿಕೊಳ್ಳುತ್ತಿದ್ದರು. ಕೆಲಸದ ಜಾಗದಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸುವ ವ್ಯವಸ್ಥೆ ಆಯಿತು, ಮನೆಯಲ್ಲಿ ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದರು. ವರ್ಷದ ನಂತರ ಹುಡುಗನ ಮಟ್ಟ 6. ಎಲುಬಿಗೆ ಸೇರಿದ ಸೀಸ ದಶಕಗಟ್ಟಲೆ ಅಲ್ಲೇ ಇರುತ್ತದೆ, ಹಾಗಾಗಿ ಗೆದ್ದೆವು ಎಂದು ನಾನು ಹೇಳುವುದಿಲ್ಲ. 6 ಕೂಡ ಒಳ್ಳೆಯ ಸಂಖ್ಯೆಯಲ್ಲ. ಅಮೆರಿಕದಲ್ಲಿ ಈಗ 3.5ರಿಂದಲೇ ಎಚ್ಚರಿಕೆ ಶುರು, ಅದು ಕೂಡ ಸುರಕ್ಷಿತ ಗಡಿಯಲ್ಲ. ಮಕ್ಕಳಿಗೆ ಸುರಕ್ಷಿತ ಎನ್ನಬಹುದಾದ ಸೀಸದ ಮಟ್ಟ ಯಾವುದೂ ಗೊತ್ತಿಲ್ಲ. 1960ರ ದಶಕದಲ್ಲಿ ಇದೇ ಗೆರೆ 60 ಇತ್ತು. 60ರಿಂದ ಇಲ್ಲಿಗೆ ಇಳಿದ ದಾರಿಯಲ್ಲಿ ಡಾಕ್ಟರರ ಜೊತೆ ಜೀವವಿಜ್ಞಾನಿಗಳು, ರಸಾಯನಶಾಸ್ತ್ರಜ್ಞರು, ಸಂಖ್ಯಾಶಾಸ್ತ್ರಜ್ಞರು ಎಲ್ಲರೂ ಇದ್ದಾರೆ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಇನ್ನೊಂದು ಕೀಟನಾಶಕ, ಇನ್ನೊಂದು ಮೀನು, 96 ಗಂಟೆಯಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ ಎಷ್ಟು ಎಂದು ಅಳೆಯುವುದಷ್ಟೇ ನಿಮಗೆ ಕೊಡುವ ಪಿಎಚ್‌ಡಿ ವಿಷಯವಾದರೆ ಒಪ್ಪಬೇಡಿ. ಆ ಪರೀಕ್ಷೆ ಬೇಕು, ನಾನೂ ಮಾಡುತ್ತೇನೆ. ಆದರೆ ಜನ ನಾಲ್ಕು ದಿನದಲ್ಲಿ ಸಾಯುವಷ್ಟು ವಿಷದಲ್ಲಿ ಬದುಕುತ್ತಿಲ್ಲ. ಸಾಯಿಸದಷ್ಟು ವಿಷದಲ್ಲಿ, ಹತ್ತಾರು ಬಗೆಯದು ಒಟ್ಟಿಗೆ ಬೆರೆತದ್ದರಲ್ಲಿ, ವರ್ಷಗಟ್ಟಲೆ ಬದುಕುತ್ತಿದ್ದಾರೆ. ಎಷ್ಟು ಎಂಬುದರ ಜೊತೆಗೆ ಯಾವಾಗ ಎಂಬುದನ್ನೂ ಕೇಳುವ ವಿಷಯ ಆರಿಸಿಕೊಳ್ಳಿ. ಗರ್ಭದಲ್ಲಿರುವಾಗ ತಾಗಿದ್ದಕ್ಕೂ ಮಧ್ಯವಯಸ್ಸಿನಲ್ಲಿ ತಾಗಿದ್ದಕ್ಕೂ ಅಜಗಜಾಂತರ.

ತಯಾರಿಯ ವಿಷಯಕ್ಕೆ ಬಂದರೆ, ಸಂಖ್ಯಾಶಾಸ್ತ್ರವನ್ನು ಈಗಿನಿಂದಲೇ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಕಲಿಯಲು ಪುರುಸೊತ್ತು ಸಿಗುವುದಿಲ್ಲ. ಒಬ್ಬ ಎಪಿಡೆಮಿಯಾಲಜಿಸ್ಟ್, ಅಂದರೆ ಜನಸಮುದಾಯದಲ್ಲಿ ಕಾಯಿಲೆ ಯಾರಿಗೆ, ಯಾಕೆ ಬರುತ್ತದೆ ಎಂದು ಅಧ್ಯಯನ ಮಾಡುವವರ ಜೊತೆ ಕೆಲವು ತಿಂಗಳಾದರೂ ಕೆಲಸ ಮಾಡಿ. ಅನುದಾನದ ಅರ್ಜಿ, ಪಾಠ, ಸಮಿತಿ ಸಭೆಗಳು ಅರ್ಧ ಸಮಯ ತಿನ್ನುತ್ತವೆ, ಅದು ಎಲ್ಲ ಪ್ರಾಧ್ಯಾಪಕರಿಗೂ ಇದ್ದದ್ದೇ. ಇನ್ನು ಲ್ಯಾಬ್ ಆರಿಸುವಾಗ ಪ್ರಕಟವಾದ ಪ್ರಬಂಧಗಳ ಪಟ್ಟಿ ಒಂದನ್ನೇ ನೋಡಬೇಡಿ. ಕಳೆದ ಎರಡು ವರ್ಷದ ಕಂಟ್ರೋಲ್ ಗುಂಪುಗಳ ದಾಖಲೆ ನೋಡಬಹುದಾ ಎಂದು ವಿನಯದಿಂದಲೇ ಕೇಳಿ. ಎಲ್ಲಿ ಕೆಟ್ಟಿತ್ತು, ಯಾಕೆ ಕೆಟ್ಟಿತ್ತು ಎಂದು ಬರೆದಿಟ್ಟಿರುವ ಲ್ಯಾಬ್ ಸಿಕ್ಕರೆ ಸೇರಿಬಿಡಿ. ಒಂದು ಸಲವೂ ಕೆಟ್ಟೇ ಇಲ್ಲ ಎನ್ನುವ ಲ್ಯಾಬಿಗೆ ಹೋಗಬೇಡಿ.