ಬೋಟಿನ ತಳದ ಎಣ್ಣೆನೀರನ್ನು ಏನು ಮಾಡುವುದು?

ಪ್ರಶ್ನೆ: ನಮ್ಮ ಬಂದರಿನಲ್ಲಿ ಬೋಟಿನ ತಳದಲ್ಲಿ ಸೇರುವ ಎಣ್ಣೆನೀರಿಗೆ ಸೋಪಿನ ಪುಡಿ ಹಾಕಿ ಅಳಿವೆಗೆ ಪಂಪ್ ಮಾಡುತ್ತಾರೆ. ಎಣ್ಣೆಯ ಪೊರೆ ಕಾಣುವುದಿಲ್ಲ. ಇದು ಸರಿಯೇ? ಕಡಿಮೆ ಖರ್ಚಿನ ಬೇರೆ ದಾರಿ ಇದೆಯೇ?
(ಓದುಗರು, ಮಂಜೇಶ್ವರ)

ಉತ್ತರ: ಖಂಡಿತ ಸರಿಯಲ್ಲ. ಸೋಪು ಹಾಕಿದರೆ ಎಣ್ಣೆ ಹೋಗುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ನೀರಲ್ಲಿ ಬೆರೆಯುತ್ತದೆ. ಮೇಲೆ ತೇಲುತ್ತಿದ್ದದ್ದು ತಳದ ಮರುವಾಯಿ (ಚಿಪ್ಪುಮೀನು), ಏಡಿಗಳ ತನಕ ಇಳಿಯುತ್ತದೆ. ಹಾಗೆ ಬೆರೆತ ಮೇಲೆ ಬೇರ್ಪಡಿಸುವುದೂ ಕಷ್ಟ.

ದಕ್ಕೆಯ ಮೇಲೆ 200 ಲೀಟರಿನ ಮೂರು ಡ್ರಮ್ಮುಗಳನ್ನು ಮೆಟ್ಟಿಲಿನಂತೆ ಒಂದಕ್ಕಿಂತ ಒಂದು ತಗ್ಗಾಗಿ ಇಡಿ. ಮೊದಲೆರಡು ಡ್ರಮ್ಮುಗಳೊಳಗೆ ಪೈಪು ನಿಲ್ಲಿಸಿ. ಅದರ ಬಾಯಿ ತಳದಿಂದ ಒಂದು ಗೇಣು ಮೇಲಿರಲಿ, ಇನ್ನೊಂದು ತುದಿ ಅಂಚಿಗಿಂತ ಅರ್ಧ ಗೇಣು ಕೆಳಗೆ ಹೊರಬಂದು ಮುಂದಿನ ಡ್ರಮ್ಮಿಗೆ ಸುರಿಯಲಿ. ಎಣ್ಣೆ ಮೇಲೆ ನಿಲ್ಲುತ್ತದೆ, ತಳದ ನೀರಷ್ಟೇ ಮುಂದೆ ಹೋಗುತ್ತದೆ. ಪೈಪಿನ ತಿರುವಿನಲ್ಲಿ ಎರಡು ಬಾಯಿಯ ಎಲ್ಬೋ ಬೇಡ, ಮೂರು ಬಾಯಿಯ ಟೀ ಹಾಕಿ ಮೇಲಿನ ಬಾಯಿ ತೆರೆದಿಡಿ. ಗಾಳಿ ಸೇರದಿದ್ದರೆ ಸೈಫನ್ ಹಿಡಿದು ನೀರಿನ ಮಟ್ಟ ಕುಸಿಯುತ್ತದೆ, ಎಣ್ಣೆಯೂ ಜೊತೆಗೆ ಹೋಗುತ್ತದೆ.

ಹೆಚ್ಚಾಗಿ ಕೆಲಸ ಕೆಡುವುದು ಪಂಪಿನಿಂದ. ಜೋರಾಗಿ ತಿರುಗುವ ಪಂಪು ಸೋಪಿನಂತೆಯೇ ಎಣ್ಣೆಯನ್ನು ಪುಡಿಮಾಡುತ್ತದೆ. ಕೈಪಂಪು ಬಳಸಿ, ಗಂಟೆಗೆ 200 ಲೀಟರಿಗಿಂತ ಹೆಚ್ಚು ಬಿಡಬೇಡಿ. ಡ್ರಮ್ಮುಗಳ ಮೇಲೆ ತಗಡಿನ ಮಾಡು ಬೇಕೇಬೇಕು. ನಮ್ಮ ಮಳೆಗೆ ತುಂಬಿದರೆ ಮೊದಲು ಹೊರಚೆಲ್ಲುವುದು ಎಣ್ಣೆಯೇ.

ಹಡಗುಗಳಿಗೆ ಅಂತಾರಾಷ್ಟ್ರೀಯ ಮಿತಿ ಹತ್ತು ಲಕ್ಷಕ್ಕೆ 15 ಭಾಗ ಎಣ್ಣೆ. ಡ್ರಮ್ಮುಗಳಿಂದಷ್ಟೇ ಆ ಮಟ್ಟ ಸಿಗದು. ಹಾಗಾಗಿ ಮೂರನೆಯ ಡ್ರಮ್ಮಿನ ನೀರು ಶುದ್ಧೀಕರಣ ಘಟಕಕ್ಕೇ ಹೋಗಬೇಕು, ಅಳಿವೆಗಲ್ಲ. ಮೇಲಿನ ಎಣ್ಣೆಯನ್ನು ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡಿ.

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ಟ್ರಾಲಿಂಗ್ ನಿಷೇಧವಿದೆಯಲ್ಲ, ಶಾಫ್ಟಿನ ಗ್ಲ್ಯಾಂಡ್ ಪ್ಯಾಕಿಂಗ್ (ಶಾಫ್ಟಿನ ಸುತ್ತ ನೀರು ಒಳಬರದಂತೆ ತುಂಬುವ ಪಟ್ಟಿ) ಬದಲಿಸಿ, ಎಂಜಿನ್ನಿನಡಿ ತಟ್ಟೆ ಇಡಲು ಅದೇ ಸಮಯ. ಶಾಫ್ಟ್ ತಿರುಗುವಾಗ ಹನಿ ಹನಿ ತೊಟ್ಟಿಕ್ಕುವುದು ಸಹಜ. ಧಾರೆಯಾಗಿ ಬಂದರೆ ಎಣ್ಣೆನೀರೂ ಅಷ್ಟೇ ಹೆಚ್ಚುತ್ತದೆ.

ಪ್ರಶ್ನೆ: ಗಾಳಿಯೇ ಇಲ್ಲದೆ ಕಡಲು ಉಕ್ಕಿದರೆ ಈ ಡ್ರಮ್ಮುಗಳ ಗತಿ?
(ಓದುಗರು, ಕುಂಬಳೆ)

ಉತ್ತರ: ಮಲಯಾಳದಲ್ಲಿ ಕಳ್ಳಕ್ಕಡಲ್ ಎನ್ನುವುದು ಇದನ್ನೇ. ದಕ್ಷಿಣ ಹಿಂದೂ ಮಹಾಸಾಗರದ ದೂರದ ಬಿರುಗಾಳಿ ಎಬ್ಬಿಸಿದ ಅಲೆ ಇಲ್ಲಿಯ ತನಕ ಬರುತ್ತದೆ. ಹೈದರಾಬಾದಿನ ಇನ್‌ಕಾಯಿಸ್ (ಸಾಗರ ಮಾಹಿತಿ ಕೇಂದ್ರ) ಮುನ್ನೆಚ್ಚರಿಕೆ ಕೊಡುತ್ತದೆ. ಮುಚ್ಚಿದ ಖಾಲಿ ಡ್ರಮ್ಮನ್ನು ನೀರು ಸುಮಾರು 200 ಕಿಲೋ ಬಲದಿಂದ ಮೇಲೆತ್ತುತ್ತದೆ, ತೆಳು ಹಗ್ಗ ಸಾಲದು. ಎಣ್ಣೆ ತುಂಬಿದವನ್ನು ಎಚ್ಚರಿಕೆ ಬಂದ ಕೂಡಲೇ ಎತ್ತರದ ಜಾಗಕ್ಕೆ ಸಾಗಿಸಿ. ಖಾಲಿಯವಕ್ಕೆ ನೀರು ತುಂಬಿ, ಬಾಯಿ ಬಿಗಿದು, ಕಾಂಕ್ರೀಟಿನಲ್ಲಿ ಹೂತ ಬಳೆಗೆ ಸರಪಳಿಯಿಂದ ಕಟ್ಟಿ.