ಹೂಂ ಅಂದ ಮೇಲೆ

ಅಮೆರಿಕದಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಸಿಟ್ಟು ಬಂತು. ಬರೆದ ಹುಡುಗಿಯ ಮೇಲಲ್ಲ, ಅವಳ ಭಾವನ ಮೇಲೆ.

ಹುಡುಗಿಗೆ 22. ಬಯಾಲಜಿ ಡಿಗ್ರಿ ಈಗಷ್ಟೇ ಮುಗಿದಿದೆ, ಡಾಕ್ಟರ್ ಆಗಬೇಕು. ಜೂನ್ 2026ಕ್ಕೆ ಒಂದು ಲ್ಯಾಬಿನಲ್ಲಿ ರಿಸರ್ಚ್ ಅಸಿಸ್ಟೆಂಟ್ ಕೆಲಸ ಶುರು. ಅದೇ ಜೂನ್‌ನಲ್ಲಿ ಮೆಡಿಕಲ್ ಸ್ಕೂಲಿಗೂ ಅರ್ಜಿ ಹಾಕಲೋ, 2027ರವರೆಗೆ ಕಾಯಲೋ ಅನ್ನುವುದು ಪ್ರಶ್ನೆ. ಅದಕ್ಕೆ ಬೇಕಾದ ಪ್ರವೇಶ ಪರೀಕ್ಷೆ ಎಂಕ್ಯಾಟ್ ಇನ್ನೂ ಬರೆದಿಲ್ಲ, ಜೂನ್ ಕೊನೆಗೆ ಬುಕ್ ಆಗಿದೆ. ಭಾವ ಹೇಳುವುದು: "ಒಂದು ವರ್ಷ ಯಾಕೆ ಹಾಳು ಮಾಡ್ಕೋತೀಯಾ, ಈಗಲೇ ಹಾಕು. ಲ್ಯಾಬಲ್ಲಿ ಏನೂ ಹೇಳ್ಬೇಡ, ಸೀಟು ಸಿಕ್ಕ ಮೇಲೆ ನೋಡ್ಕೊಂಡ್ರಾಯ್ತು."

ನೋಡಮ್ಮ, ನಾಲ್ಕು ಪುಟ ಬರೆದಿದ್ದೀಯ. ಮುಖ್ಯವಾದ ಮಾತನ್ನು ಮಾತ್ರ ಮೂರನೇ ಪುಟದ ಕೊನೆಗೆ, ಬ್ರಾಕೆಟ್ಟಿನೊಳಗೆ ತುರುಕಿದ್ದೀಯ: "ಇಂಟರ್‌ವ್ಯೂನಲ್ಲಿ ಪ್ರೊಫೆಸರ್ ಎರಡು ವರ್ಷ ಇರ್ತೀಯಾ ಅಂದ್ರು, ಹೂಂ ಅಂದೆ."

ಆ ಹೂಂ ಬ್ರಾಕೆಟ್ಟಿನೊಳಗೆ ಇರುವಂಥದ್ದಲ್ಲ. ಲ್ಯಾಬ್ ಕೆಲಸದಲ್ಲಿ ಮೊದಲ ಕೆಲವು ತಿಂಗಳು ನಿನಗೆ ಕಲಿಸುವುದರಲ್ಲೇ ಹೋಗುತ್ತದೆ, ನಿನ್ನಿಂದ ಉಪಯೋಗ ಅಂತ ಆಗುವುದು ಆಮೇಲೆ. ಅದಕ್ಕೇ ಅವರು ಎರಡು ವರ್ಷ ಕೇಳುವುದು. ನಿಮ್ಮ ಭಾವ ಸಾಫ್ಟ್‌ವೇರಿನವರು ಅಂತ ಬರೆದಿದ್ದೀಯ. ಅಲ್ಲಿ ಎರಡು ವಾರ ಮುಂಚೆ ಹೇಳಿ ಎದ್ದು ಹೋಗಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಇಲ್ಲಿ ಅದೇ ಪ್ರೊಫೆಸರ್ ನಿನ್ನ ಅರ್ಜಿಗೆ ಶಿಫಾರಸು ಪತ್ರ ಬರೆಯಬೇಕು. ಪತ್ರ ಕೇಳಿದ ಕ್ಷಣವೇ ಗುಟ್ಟು ರಟ್ಟು, ಅಲ್ವಾ? ಇನ್ನು ಸೇರಿ ಮೂರು ವಾರ ಆದವಳ ಬಗ್ಗೆ ಅವರಾದರೂ ಏನು ಬರೆದಾರು? ಹೊತ್ತಿಗೆ ಸರಿಯಾಗಿ ಬರುತ್ತಾಳೆ ಅಂತಲಾ?

ಈಗ ಬೆರಳು ಮಡಚಿ ಲೆಕ್ಕ ಹಾಕು. ಇದನ್ನು ನೀನೂ ಹಾಕಿಲ್ಲ, ಭಾವನೂ ಹಾಕಿಲ್ಲ. ಅಮೆರಿಕದ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿ ಕ್ಲಾಸಿಗೆ ಕೂರುವುದಕ್ಕೆ ಒಂದು ವರ್ಷದ ಮೇಲೇ ಹಿಡಿಯುತ್ತದೆ. ಆಮ್‌ಕ್ಯಾಸ್, ಅಂದರೆ ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಅರ್ಜಿ, ಮೇ ತಿಂಗಳಲ್ಲಿ ತೆರೆಯುತ್ತದೆ, ಜೂನ್ ಹೊತ್ತಿಗೆ ಕಳಿಸಬೇಕು, ಆಮೇಲೆ ಒಂದೊಂದು ಕಾಲೇಜಿನ ಬೇರೆ ಪ್ರಬಂಧಗಳು, ಆಮೇಲೆ ಚಳಿಗಾಲ ಪೂರ್ತಿ ಸಂದರ್ಶನ, ಮುಂದಿನ ಬೇಸಿಗೆ ಮುಗಿಯುವಾಗ ಕ್ಲಾಸು. ಜೂನ್ 2027ಕ್ಕೆ ಹಾಕಿದರೆ ಕ್ಲಾಸು 2028ರ ಬೇಸಿಗೆ ಕೊನೆಗೆ. ನಿನ್ನ ಎರಡು ವರ್ಷ ಮುಗಿಯುವುದು ಯಾವಾಗ? ಜೂನ್ 2028. ಜಗಳ ಎಲ್ಲಿದೆ ಇಲ್ಲಿ? ಒಂದು ವರ್ಷ ಕೆಲಸ ಮಾಡು, ಅರ್ಜಿ ಹಾಕು, ಅರ್ಜಿ ತನ್ನ ಪಾಡಿಗೆ ಓಡಾಡುವಾಗ ಇನ್ನೊಂದು ವರ್ಷ ಕೆಲಸ ಮಾಡು.

ಈ ಜೂನ್‌ಗೇ ಹಾಕಿದರೆ ಏನಾಗುತ್ತದೆ ಅಂತಲೂ ನೋಡು. ಎಂಕ್ಯಾಟ್ ಅಂಕ ಬರುವುದಕ್ಕೆ ಸುಮಾರು ಒಂದು ತಿಂಗಳು, ಅಂದರೆ ಜುಲೈ ಕೊನೆ. ಹೊಸ ಕೆಲಸ, ರಾತ್ರಿ ಓದು, ಜೊತೆಗೆ ಪ್ರಬಂಧಗಳು. ಎಷ್ಟೋ ಕಾಲೇಜುಗಳು ಅರ್ಜಿ ಬಂದ ಹಾಗೆಲ್ಲ ನೋಡಿ ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತವೆ, ತಡವಾದವರಿಗೆ ಉಳಿಯುವ ಜಾಗ ಕಡಿಮೆ. ಅರ್ಜಿಯಲ್ಲಿ 15 ಅನುಭವ ಬರೆಯಬಹುದು, ಅದರಲ್ಲಿ ಮೂರನ್ನು ಅತಿ ಮುಖ್ಯ ಅಂತ ಗುರುತು ಮಾಡಿ ಇನ್ನೂ ಸ್ವಲ್ಪ ಜಾಸ್ತಿ ಬರೆಯಬಹುದು. ಈ ಲ್ಯಾಬ್ ಆ ಮೂರರಲ್ಲಿ ಒಂದಾಗಬೇಕು ಅಂತ ನೀನೇ ಹೇಳುತ್ತೀಯ. ಇನ್ನೂ ಮಾಡದ ಕೆಲಸದ ಬಗ್ಗೆ ಏನು ಬರೆಯುತ್ತೀಯ? ಅದೂ ಅಲ್ಲದೆ ಸೀಟು ಸಿಗದೆ ಮತ್ತೆ ಹಾಕಿದರೆ, ಹೋದ ವರ್ಷದಿಂದ ಏನು ಬದಲಾಗಿದೆ ಅಂತ ಕೇಳುವ ಕಾಲೇಜುಗಳೂ ಇವೆ.

"ವರ್ಷ ಹಾಳು" ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಈ ಅಂಕಣ ಓದುವವರಿಗೆ ಅದು ಗೊತ್ತು. ಅಲ್ಲಿ ಮೆಡಿಕಲ್ ಸೇರುವವರ ಸರಾಸರಿ ವಯಸ್ಸೇ ಸುಮಾರು 24. ನಿನಗೂ ಆಗ ಅಷ್ಟೇ ಆಗಿರುತ್ತದೆ. ಸಂಬಳ ತಗೊಂಡು, ಕೆಲಸ ಕಲಿತು, ಕೊಟ್ಟ ಮಾತು ಉಳಿಸಿಕೊಂಡ ವರ್ಷ ಅದು ಹೇಗೆ ಹಾಳು?

ಲ್ಯಾಬಿನ ಕೆಲಸದಿಂದ ನಿನ್ನ ಹೆಸರಲ್ಲಿ ರಿಸರ್ಚ್ ಪೇಪರ್ ಬರದಿದ್ದರೆ ಅಂತ ಒಂದು ಸಾಲು ಕೇಳಿದ್ದೀಯ. ಬರದಿದ್ದರೆ ಬರಲಿಲ್ಲ. ಪೇಪರ್ ಇಲ್ಲದೆ ಸೇರಿದವರು ಬೇಕಾದಷ್ಟು ಜನ ಇದ್ದಾರೆ.

ನೀನು ಮಾಡಬೇಕಾದ್ದು ಒಂದೇ. ಕೆಲಸಕ್ಕೆ ಸೇರಿದ ಮೊದಲ ವಾರವೇ ಪ್ರೊಫೆಸರ್ ಹತ್ತಿರ ಹೋಗಿ, "ಎರಡು ವರ್ಷ ಇರುತ್ತೇನೆ, 2027ರ ಜೂನ್‌ಗೆ ಮೆಡಿಕಲ್‌ಗೆ ಅರ್ಜಿ ಹಾಕುತ್ತೇನೆ, ಆ ಚಳಿಗಾಲ ಸಂದರ್ಶನಕ್ಕೆ ಕೆಲವು ದಿನ ರಜೆ ಬೇಕಾಗುತ್ತದೆ" ಅಂತ ಹೇಳು. ಅವರು ಬೆಚ್ಚಿ ಬೀಳುವುದಿಲ್ಲ. ಇಂಥ ಕೆಲಸಕ್ಕೆ ಬರುವವರಲ್ಲಿ ಎಷ್ಟೋ ಮಂದಿ ಮೆಡಿಕಲ್ ದಾರಿ ಹಿಡಿಯುವವರೇ, ಅದು ಅವರಿಗೆ ಗೊತ್ತಿರುವ ವಿಷಯ. ಎಂಕ್ಯಾಟ್ ಬರೆಯುವುದನ್ನು ಮುಂದಕ್ಕೆ ಹಾಕು. ಜನವರಿಯಿಂದಲೇ ಪರೀಕ್ಷೆಗಳು ಶುರುವಾಗುತ್ತವೆ, 2027ರ ಮೊದಲ ತಿಂಗಳುಗಳಲ್ಲಿ ಬರೆದರೂ ಅರ್ಜಿಯ ಹೊತ್ತಿಗೆ ಅಂಕ ಕೈಯಲ್ಲಿರುತ್ತದೆ.

ಭಾವ ಕೇಳಿದರೆ ನನ್ನ ಹೆಸರು ಹೇಳು. ಬೈಗುಳ ತಿನ್ನುವುದು ನನಗೆ ಅಭ್ಯಾಸ ಇದೆ.